ಹಳೇ ಕಾರು, ಕಡಿಮೆ ದುಡ್ಡು: ಊಹೆ ಮೇಲೆ ಪಾರ್ಟ್ ಬದಲಿಸದೆ ರಿಪೇರಿ ಮಾಡಿಸುವುದು ಹೇಗೆ

ಹಳೇ ಕಾರಿನಲ್ಲಿ ಜಾಸ್ತಿ ದುಡ್ಡು ತಿನ್ನುವುದು ಕೆಡದೇ ಇದ್ದ ಪಾರ್ಟುಗಳು. ಬೆಳಿಗ್ಗೆ ಗಾಡಿ ಸ್ಟಾರ್ಟ್ ಆಗಲಿಲ್ಲ ಅಂತಿಟ್ಟುಕೊಳ್ಳಿ. ಪಕ್ಕದ ಮನೆಯವರು ಬ್ಯಾಟರಿ ಅಂದರು, ಹೊಸದು ಹಾಕಿಸಿದಿರಿ. ಸ್ವಲ್ಪ ದಿನಕ್ಕೆ ಮತ್ತೆ ಅದೇ ಕತೆ. ಗ್ಯಾರೇಜಿನವನು ಬಾನೆಟ್ ಎತ್ತುವ ಮೊದಲೇ "ಸೆಲ್ಫ್ ಗಯಾ ಸಾಬ್" ಅಂದ, ಅಂದರೆ ಎಂಜಿನ್ ಸುತ್ತಿಸುವ ಸ್ಟಾರ್ಟರ್ ಮೋಟಾರ್ ಹೋಯಿತು ಅಂತ. ಅದನ್ನೂ ಮಾಡಿಸಿದಿರಿ. ಆಮೇಲೆ ಬ್ಯಾಟರಿ ಚಾರ್ಜ್ ಮಾಡುವ ಡೈನಮೋ. ಕೊನೆಗೆ ಯಾರೋ ಪುಣ್ಯಾತ್ಮ ಗೇರ್‌ಬಾಕ್ಸ್ ಹತ್ತಿರದ ಅರ್ಥಿಂಗ್ ವೈರಿನ (ಬ್ಯಾಟರಿ ಮೈನಸ್ಸಿನ ತಂತಿ) ಬೋಲ್ಟ್ ಬಿಚ್ಚಿ, ಉಜ್ಜಿ, ಬಿಗಿ ಮಾಡಿದ ಮೇಲೆ ಗಾಡಿ ಒಂದೇ ಸೆಲ್ಫಿಗೆ ಸ್ಟಾರ್ಟ್. ಒಂದು ತುಂಡು ಎಮರಿ ಪೇಪರಿನ ಕೆಲಸಕ್ಕೆ ಒಂದು ತಿಂಗಳ ಮನೆಬಾಡಿಗೆ ಹೋಯಿತು.

ಮುಂಬೈ ಸುತ್ತಿನ ಡೊಂಬಿವಿಲಿ, ಠಾಣೆ, ಮುಲುಂಡ್, ಮೀರಾ ರೋಡ್ ಕಡೆ ನಮ್ಮ ಕನ್ನಡದವರ ಎಷ್ಟೋ ಮನೆಗಳಲ್ಲಿ ಇನ್ನೂ ಮಾರುತಿ 800, ಝೆನ್, ಸ್ಯಾಂಟ್ರೋ, ಹಳೇ ವ್ಯಾಗನ್ ಆರ್ ಇವೆ. ಮಾರಲು ಹೋದರೆ ಏನೂ ಸಿಗಲ್ಲ, ಹೊಸದು ತಗೊಳ್ಳಲು ದುಡ್ಡಿಲ್ಲ, ಊರಿಗೆ ಹೋಗಲು ಗಾಡಿ ಬೇಕು. ನನ್ನದೂ 800. ಈ ಗೈಡ್ ಅಂಥವರಿಗೆ. ಇದನ್ನು ಓದಿ ನೀವು ಎಂಜಿನ್ ಬಿಚ್ಚಬೇಕಿಲ್ಲ. ಯಾವುದು ಕೆಟ್ಟಿದೆ ಅಂತ ಖಾತರಿ ಮಾಡಿಕೊಂಡು ಗ್ಯಾರೇಜಿಗೆ ಹೋದರೆ ಸಾಕು.

ಮೊದಲು ಬರೆದಿಡಿ

ಹಳೇ ಗಾಡಿಯ ದೊಡ್ಡ ಕಾಟ ಅಂದರೆ ಬಂದು ಹೋಗುವ ತೊಂದರೆ. ಮನೆ ಹತ್ತಿರ ನಿಂತು ಪ್ರಾಣ ತಿನ್ನುತ್ತದೆ, ಮೆಕ್ಯಾನಿಕ್ ಮುಂದೆ ನಿಲ್ಲಿಸಿದರೆ ಸಾಧು ಪ್ರಾಣಿ. ಅವನು ನಿಮ್ಮ ಮುಖ ನೋಡುತ್ತಾನೆ, ನೀವು ಅವನ ಮುಖ ನೋಡುತ್ತೀರಿ, ಕೊನೆಗೆ ಇಬ್ಬರೂ ಸೇರಿ ಒಂದು ಪಾರ್ಟ್ ಊಹೆ ಮಾಡುತ್ತೀರಿ.

ಇದಕ್ಕೆ ಡ್ಯಾಶ್‌ಬೋರ್ಡಿನಲ್ಲಿ ಒಂದು ಸಣ್ಣ ಪುಸ್ತಕ ಇಡಿ. ಗಾಡಿ ತಕರಾರು ಮಾಡಿದಾಗಲೆಲ್ಲ ಬರೆಯಿರಿ: ಎಂಜಿನ್ ತಣ್ಣಗಿತ್ತೋ ಬಿಸಿಯಿತ್ತೋ, ಮಳೆ ಇತ್ತೋ, ಎಸಿ ಹಾಕಿತ್ತೋ, ಪೆಟ್ರೋಲ್ ಎಷ್ಟಿತ್ತು, ಯಾವ ಸದ್ದು ಬಂತು. ಸದ್ದನ್ನು ಮೊಬೈಲಿನಲ್ಲಿ ವಿಡಿಯೋ ಮಾಡಿಕೊಳ್ಳಿ. "ಕಭೀ ಕಭೀ ಬಂದ್ ಪಡ್ತಾ ಹೈ", ಆಗಾಗ ನಿಂತುಹೋಗುತ್ತೆ, ಅಂದರೆ ಯಾವ ಉಸ್ತಾದನಿಗೂ ಏನೂ ಗೊತ್ತಾಗಲ್ಲ. "ಅರ್ಧ ಗಂಟೆ ಓಡಿಸಿ ನಿಲ್ಲಿಸಿದ ಮೇಲೆ ಮಾತ್ರ ಸ್ಟಾರ್ಟ್ ಆಗಲ್ಲ, ತಣ್ಣಗಾದರೆ ಆಗುತ್ತೆ" ಅಂದರೆ ಅರ್ಧ ಕೆಲಸ ಮುಗಿದ ಹಾಗೆ.

ಇನ್ನೊಂದು. ಒಂದು ಸಲಕ್ಕೆ ಒಂದೇ ಪಾರ್ಟ್ ಬದಲಿಸಿ, ನಾಲ್ಕು ದಿನ ಓಡಿಸಿ ನೋಡಿ. ಪ್ಲಗ್, ಫಿಲ್ಟರ್, ಪ್ಲಗ್ಗಿಗೆ ಕರೆಂಟ್ ಕೊಡುವ ಕಾಯಿಲ್ ಮೂರನ್ನೂ ಒಟ್ಟಿಗೆ ಹಾಕಿಸಿದರೆ ಯಾವುದರಿಂದ ಸರಿಹೋಯಿತು ಅಂತ ಗೊತ್ತಾಗಲ್ಲ.

ಯಾವುದಕ್ಕೆ ಮೊದಲು ದುಡ್ಡು

ಬ್ರೇಕು, ಟೈರು, ಸ್ಟೀರಿಂಗ್, ಪೆಟ್ರೋಲ್ ಪೈಪು. ಇವುಗಳಲ್ಲಿ ಕಂಜೂಸ್‌ತನ ಬೇಡ. ಟೈರ್ ಪಕ್ಕದಲ್ಲಿ ನಾಲ್ಕಂಕಿಯ ನಂಬರ್ ಇರುತ್ತದೆ. 2319 ಅಂತಿದ್ದರೆ 2019ರ 23ನೇ ವಾರ ತಯಾರಾದದ್ದು. ಗುಂಡಿ (ಟ್ರೆಡ್) ಚೆನ್ನಾಗಿದ್ದರೂ ರಬ್ಬರ್ ಬಿರುಕು ಬಿಟ್ಟಿದ್ದರೆ ಅದು ಟೈರೇ ಅಲ್ಲ.

ಪೆಟ್ರೋಲ್ ಪೈಪಿನ ಮಾತು ಈಗ ಹೆಚ್ಚು ಮುಖ್ಯ. ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇಕಡ 20ರಷ್ಟು ಎಥನಾಲ್ ಇದೆ. ಇಪ್ಪತ್ತು ವರ್ಷದ ಹಿಂದಿನ ಗಾಡಿಯ ರಬ್ಬರ್ ಪೈಪು, ವಾಷರುಗಳನ್ನು ಆ ಲೆಕ್ಕದಲ್ಲಿ ಮಾಡಿಲ್ಲ. ಪೈಪನ್ನು ಬೆರಳಿನಲ್ಲಿ ಬಗ್ಗಿಸಿ ನೋಡಿ. ಮೇಲೆ ಸಣ್ಣ ಬಿರುಕು ಕಂಡರೆ, ಮುಟ್ಟಿದರೆ ಮೆತ್ತಗೆ ಅಂಟಂಟಾದರೆ, ಬೆಳಿಗ್ಗೆ ಗಾಡಿ ಹತ್ತಿರ ಪೆಟ್ರೋಲ್ ವಾಸನೆ ಬಂದರೆ ಅದೇ ದಿನ ಬದಲಿಸಿ. ಎಂಪಿಎಫ್‌ಐ ಗಾಡಿಗೆ (ಕಾರ್ಬ್ಯುರೇಟರ್ ಬದಲು ಪೆಟ್ರೋಲನ್ನು ಒತ್ತಡದಲ್ಲಿ ಸಿಂಪಡಿಸುವ ಗಾಡಿ) ಇಂಜೆಕ್ಷನ್ ಪೈಪ್ ಅಂತಲೇ ಕೇಳಿ. ಕಾರ್ಬ್ಯುರೇಟರ್ ಪೈಪು ಅಗ್ಗ, ಆದರೆ ಆ ಒತ್ತಡ ತಡೆಯಲ್ಲ.

ಆಮೇಲೆ ಕೂಲಿಂಗ್. ಆಮೇಲೆ ಸ್ಟಾರ್ಟಿಂಗ್. ಎಂಜಿನ್ನಿನ ವಾಲ್ವುಗಳನ್ನು ಹೊತ್ತಿಗೆ ಸರಿಯಾಗಿ ಆಡಿಸುವ ಟೈಮಿಂಗ್ ಬೆಲ್ಟ್ ಯಾವಾಗ ಹಾಕಿಸಿದ್ದು ಅಂತ ಗೊತ್ತಿಲ್ಲದಿದ್ದರೆ ಹೊಸದು ಹಾಕಿಸಿಬಿಡಿ. ಇದೊಂದನ್ನು ಮಾತ್ರ ಪರೀಕ್ಷೆ ಮಾಡದೇ ಬದಲಿಸಬೇಕು. ಅದು ಓಡುವಾಗ ಹರಿದರೆ ಎಷ್ಟೋ ಎಂಜಿನ್‌ಗಳಲ್ಲಿ ವಾಲ್ವ್ ಬಾಗುತ್ತದೆ. ಎಸಿ, ಪೇಂಟು, ಸೀಟ್ ಕವರ್ ಎಲ್ಲ ಕೊನೆಗೆ. ಅಕ್ಟೋಬರ್ ಬಿಸಿಲಿನಲ್ಲಿ ಮನೆಯವರು ಇದನ್ನು ಒಪ್ಪಲ್ಲ, ಅದು ನಿಮ್ಮ ನಿಮ್ಮ ಜಗಳ.

ಸಾಮಾನು

ಲ್ಯಾಮಿಂಗ್ಟನ್ ರೋಡಿನಲ್ಲಿ ಒಂದು ಸಾದಾ ಮಲ್ಟಿಮೀಟರ್ ತಗೊಳ್ಳಿ. ಕೆಲವು ನೂರು ರೂಪಾಯಿ ಅಷ್ಟೇ. ಈ ಇಡೀ ಗೈಡಿನಲ್ಲಿ ಇದಕ್ಕಿಂತ ಲಾಭದ ಖರೀದಿ ಇಲ್ಲ. ಜೊತೆಗೆ 10, 12, 14, 17ರ ಪಾನಾಗಳು (ಸ್ಪ್ಯಾನರ್), ಪ್ಲಗ್ ಪಾನಾ, ಟಾರ್ಚ್, ದಪ್ಪ ತಂತಿಯ ಜಂಪರ್ ಕೇಬಲ್. ಎಂಜಿನ್ನಿನ ತಪ್ಪುಗಳನ್ನು ಮೊಬೈಲಿನಲ್ಲಿ ತೋರಿಸುವ ಬ್ಲೂಟೂತ್ ಸ್ಕ್ಯಾನರ್ ತಗೊಳ್ಳುವ ಮೊದಲು ಯೋಚಿಸಿ. 2010ಕ್ಕಿಂತ ಹಳೆಯ ಗಾಡಿ ಆ ಸ್ಕ್ಯಾನರ್ ಜೊತೆ ಮಾತಾಡುತ್ತದೆ ಅಂತ ಖಾತರಿ ಇಲ್ಲ.

ಗಾಡಿ ಕೆಳಗೆ ಹೋಗುವುದಾದರೆ ಬರೀ ಜಾಕ್ ನಂಬಬೇಡಿ, ಸ್ಟ್ಯಾಂಡ್ ಕೊಡಿ. ಸೊಸೈಟಿ ಪಾರ್ಕಿಂಗಿನಲ್ಲಿ ಕೆಲಸ ಮಾಡುವವರು ಕೆಳಗೆ ರಟ್ಟು ಹಾಸಿ. ಆಯಿಲ್ ಕಲೆ ಕಂಡರೆ ಸೆಕ್ರೆಟರಿ ಕಾಕಾ ನೋಟಿಸ್ ಬೋರ್ಡಿಗೆ ಹೋಗಿಬಿಡುತ್ತಾರೆ.

ಸ್ಟಾರ್ಟ್ ಆಗದಿದ್ದರೆ: ಮೊದಲು ಕಿವಿ, ಆಮೇಲೆ ಮೀಟರ್

ಚಾವಿ ತಿರುಗಿಸಿ ಸದ್ದು ಕೇಳಿ. "ಟಕಟಕಟಕ" ಅಂತ ಬೇಗ ಬೇಗ ಬಡಿದರೆ ಬ್ಯಾಟರಿಯಲ್ಲಿ ದಮ್ ಇಲ್ಲ, ಅಥವಾ ಟರ್ಮಿನಲ್ ಸಡಿಲ. "ಟಕ್" ಅಂತ ಒಂದೇ ಸದ್ದು ಬಂದು ಸುಮ್ಮನಾದರೆ ಸೆಲ್ಫ್ ಅಥವಾ ಅರ್ಥಿಂಗ್ ಮೇಲೆ ಅನುಮಾನ. ಏನೂ ಸದ್ದಿಲ್ಲದಿದ್ದರೆ ಚಾವಿ ಸ್ವಿಚ್, ಫ್ಯೂಸ್, ರಿಲೇ (ಕರೆಂಟಿನಿಂದಲೇ ಆನ್ ಆಗುವ ಸಣ್ಣ ಸ್ವಿಚ್) ನೋಡಿ. "ಗರ್‌ಗರ್" ಅಂತ ಚೆನ್ನಾಗಿ ಸುತ್ತಿಯೂ ಹಿಡಿಯದಿದ್ದರೆ ಬ್ಯಾಟರಿ, ಸೆಲ್ಫ್ ಎರಡೂ ಸರಿ ಇವೆ. ಪೆಟ್ರೋಲ್ ಬರುತ್ತಿಲ್ಲ ಅಥವಾ ಸ್ಪಾರ್ಕ್ ಇಲ್ಲ. ಇಷ್ಟರಲ್ಲೇ ಎಷ್ಟೋ ಜನ ಹೊಸ ಬ್ಯಾಟರಿಗೆ ಹೋಗಿಬಿಟ್ಟಿರುತ್ತಾರೆ.

ಈಗ ಮೀಟರ್ 20 ವೋಲ್ಟ್ ಡಿಸಿಗೆ ಇಡಿ. ರಾತ್ರಿಯಿಡೀ ನಿಂತ ಗಾಡಿಯಲ್ಲಿ ಬ್ಯಾಟರಿ 12.6 ತೋರಿಸಿದರೆ ಪೂರ್ತಿ ತುಂಬಿದೆ, 12.2 ಅಂದರೆ ಸುಮಾರು ಅರ್ಧ. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಇಳಿಯಬಾರದು. ಎಂಜಿನ್ ಓಡುವಾಗ 13.8ರಿಂದ 14.5ರ ನಡುವೆ ಇರಬೇಕು. 13ಕ್ಕೂ ಬರದಿದ್ದರೆ ಬೆಲ್ಟ್ ಸಡಿಲ ಇದೆಯಾ ನೋಡಿ, ಬಿಗಿ ಇದ್ದರೆ ಡೈನಮೋ ಒಳಗಿನ ಕಾರ್ಬನ್ ಬ್ರಷ್ ಸವೆದಿರಬಹುದು. ಕಾರ್ಬನ್ ಮಾತ್ರ ಹಾಕಿಸಬಹುದು, ಪೂರ್ತಿ ಡೈನಮೋ ಬೇಕಿಲ್ಲ. 15 ದಾಟಿದರೆ ವೋಲ್ಟೇಜನ್ನು ಹಿಡಿತದಲ್ಲಿಡುವ ರೆಗ್ಯುಲೇಟರ್ ಹೋಗಿದೆ. ಹೊಸ ಬ್ಯಾಟರಿ ಹಾಕಿದರೂ ಅದನ್ನು ಕುದಿಸಿ ಕೊಲ್ಲುತ್ತದೆ.

ಬ್ಯಾಟರಿ ಸರಿ ಇದ್ದರೂ ಸೆಲ್ಫ್ ಸುಸ್ತಾಗಿ ಸುತ್ತುತ್ತಿದ್ದರೆ ಈ ಪರೀಕ್ಷೆ ಮಾಡಿ, ಇದು ನನಗೆ ತುಂಬಾ ಇಷ್ಟ. ಮೀಟರಿನ ಒಂದು ಮೊನೆಯನ್ನು ಬ್ಯಾಟರಿಯ ಮೈನಸ್ ಕಂಬಕ್ಕೆ ಒತ್ತಿ. ಕ್ಲಾಂಪಿಗಲ್ಲ, ಒಳಗಿನ ಸೀಸದ ಕಂಬಕ್ಕೇ. ಇನ್ನೊಂದು ಮೊನೆ ಎಂಜಿನ್ನಿನ ಬೋಳು ಲೋಹಕ್ಕೆ. ಮನೆಯಲ್ಲಿ ಯಾರಿಗಾದರೂ ಸೆಲ್ಫ್ ಹೊಡೆಯಲು ಹೇಳಿ. 0.2 ವೋಲ್ಟ್ ಒಳಗಿದ್ದರೆ ಅರ್ಥಿಂಗ್ ಚೆನ್ನಾಗಿದೆ. ಅರ್ಧ ವೋಲ್ಟ್ ದಾಟಿದರೆ ಕಳ್ಳ ಸಿಕ್ಕಿಬಿದ್ದ. ಪ್ಲಸ್ ಕಡೆಗೂ ಹೀಗೇ ಮಾಡಿ, ಬ್ಯಾಟರಿ ಪ್ಲಸ್ ಕಂಬದಿಂದ ಸೆಲ್ಫಿನ ದೊಡ್ಡ ಬೋಲ್ಟಿಗೆ. ಮೀಟರ್ ಕೈಯಲ್ಲಿಲ್ಲದಿದ್ದರೆ ನಾಲ್ಕೈದು ಸಲ ಸೆಲ್ಫ್ ಹೊಡೆದು ಕೇಬಲ್ ತುದಿಗಳನ್ನು ಮುಟ್ಟಿ ನೋಡಿ. ಕೆಟ್ಟ ಜಾಯಿಂಟ್ ಬಿಸಿಯಾಗಿರುತ್ತದೆ. ಇಲ್ಲಿಯ ಉಪ್ಪುಗಾಳಿಗೆ ಹೊರಗಿನಿಂದ ಕರಿ ಪ್ಲಾಸ್ಟಿಕ್ ಥಳಥಳ ಅನ್ನುತ್ತಿರುತ್ತದೆ, ಒಂದಿಂಚು ಸುಲಿದರೆ ಒಳಗೆ ತಾಮ್ರ ಹಸಿರು ಪುಡಿಯಾಗಿರುತ್ತದೆ. ಅಂಥ ಕೇಬಲ್ ಉಜ್ಜಿ ಪ್ರಯೋಜನ ಇಲ್ಲ, ಹೊಸದು ಮಾಡಿಸಿ. ಟರ್ಮಿನಲ್ ಮೇಲಿನ ಬಿಳಿ ಪುಡಿಗೆ ಬಿಸಿನೀರಿನಲ್ಲಿ ಅಡುಗೆ ಸೋಡಾ ಕಲಸಿ ತೊಳೆದು, ಒಣಗಿಸಿ, ಬಿಗಿ ಮಾಡಿದ ಮೇಲೆ ವ್ಯಾಸಲೀನ್ ಹಚ್ಚಿ.

ಎರಡು ದಿನ ನಿಂತರೆ ಬ್ಯಾಟರಿ ಇಳಿಯುತ್ತದೆ ಅನ್ನುವವರು ಮೈನಸ್ ತಂತಿ ಬಿಚ್ಚಿ, ತಂತಿ ಮತ್ತು ಕಂಬದ ನಡುವೆ ಮೀಟರನ್ನು 10 ಆಂಪಿಯರಿಗೆ ಇಟ್ಟು ನೋಡಿ. ಎಲ್ಲ ಆಫ್ ಇದ್ದಾಗ 50 ಮಿಲಿ ಆಂಪಿಯರಿಗಿಂತ ಜಾಸ್ತಿ ಎಳೆಯಬಾರದು. ಎಳೆದರೆ ಒಂದೊಂದೇ ಫ್ಯೂಸ್ ಕೀಳುತ್ತಾ ಹೋಗಿ, ಯಾವುದನ್ನು ಕಿತ್ತಾಗ ಕಡಿಮೆಯಾಯಿತೋ ಆ ಲೈನು. ಹೆಚ್ಚಾಗಿ ಅಗ್ಗಕ್ಕೆ ಹಾಕಿಸಿದ ಸ್ಟೀರಿಯೋನೇ ಇರುತ್ತದೆ. ಮೀಟರ್ ಹೀಗಿಟ್ಟಾಗ ಅಪ್ಪಿತಪ್ಪಿಯೂ ಸೆಲ್ಫ್ ಹೊಡೆಯಬೇಡಿ, ಮೀಟರಿನ ಫ್ಯೂಸ್ ಹಾರುತ್ತದೆ, ಇಲ್ಲವೇ ಮೀಟರೇ ಸುಡುತ್ತದೆ.

ಸುತ್ತುತ್ತೆ ಆದರೆ ಹಿಡಿಯಲ್ಲ ಅನ್ನುವ ಕೇಸಿಗೆ ಬರೋಣ. ಎಂಪಿಎಫ್‌ಐ ಗಾಡಿಯಲ್ಲಿ ಚಾವಿ ಆನ್ ಮಾಡಿದ ತಕ್ಷಣ ಹಿಂದಿನ ಸೀಟಿನ ಕಡೆ ಪೆಟ್ರೋಲ್ ಪಂಪು ಒಂದೆರಡು ಸೆಕೆಂಡ್ ಝುಂಯ್ ಅನ್ನಬೇಕು. ಅನ್ನದಿದ್ದರೆ ಮೊದಲು ಫ್ಯೂಸ್, ಆಮೇಲೆ ರಿಲೇ. ರಿಲೇಗೆ ಖರ್ಚಿಲ್ಲದ ಪರೀಕ್ಷೆ ಇದೆ: ಮೇಲೆ ಅದೇ ನಂಬರ್ ಇರುವ ಬೇರೆ ರಿಲೇ, ಹಾರ್ನಿನದ್ದೋ ಫ್ಯಾನಿನದ್ದೋ, ತೆಗೆದು ಇಲ್ಲಿಗೆ ಹಾಕಿ. ಆದರೂ ಸದ್ದಿಲ್ಲದಿದ್ದರೆ ಒಬ್ಬರು ಸೆಲ್ಫ್ ಹೊಡೆಯುವಾಗ ಇನ್ನೊಬ್ಬರು ಟ್ಯಾಂಕಿನ ತಳಕ್ಕೆ ಕೈಯಿಂದ ತಟ್ಟಿ. ಎದ್ದು ಓಡಿದರೆ ಪಂಪಿನ ಮೋಟಾರು ಕೊನೆಯುಸಿರಿನಲ್ಲಿದೆ, ಮನೆಗೆ ಹೋಗುವಷ್ಟು ಓಡುತ್ತದೆ, ಊರಿಗಲ್ಲ.

ಬಿಸಿಯಾದಾಗ ಮಾತ್ರ ನಿಂತು, ತಣ್ಣಗಾದ ಮೇಲೆ ಏನೂ ಆಗದವರ ಹಾಗೆ ಓಡುವ ಗಾಡಿಯಲ್ಲಿ ಕಾಯಿಲ್ ಅಥವಾ ಎಂಜಿನ್ ತಿರುಗುವುದನ್ನು ಗುರುತಿಸುವ ಕ್ರ್ಯಾಂಕ್ ಸೆನ್ಸರ್ ಮೇಲೆ ಅನುಮಾನ ಪಡಿ. ನಿಂತಾಗ ಒದ್ದೆ ಬಟ್ಟೆಯನ್ನು ಚೆನ್ನಾಗಿ ಹಿಂಡಿ ಕಾಯಿಲ್ ಮೇಲೆ ಐದು ನಿಮಿಷ ಇಡಿ. ಸ್ಟಾರ್ಟ್ ಆದರೆ ಸಿಕ್ಕಿತು. ಆಗದಿದ್ದರೆ ಸೆನ್ಸರ್ ಮೇಲೆ ಇಡಿ. ಹಳೇ ಕಾರ್ಬ್ಯುರೇಟರ್ ಗಾಡಿಯಲ್ಲಾದರೆ ಪಂಪು, ಪೈಪಿನಲ್ಲಿ ಪೆಟ್ರೋಲ್ ಆವಿಯಾಗಿರಬಹುದು, ಅಲ್ಲಿಗೂ ಇದೇ ಒದ್ದೆ ಬಟ್ಟೆ.

ಗಾಡಿ ಬಿಸಿಯೇರಿ ಕಾಯುತ್ತಿದ್ದರೆ

ಒಂದೇ ಪ್ರಶ್ನೆ ಕೇಳಿಕೊಳ್ಳಿ: ಟ್ರಾಫಿಕ್ಕಿನಲ್ಲಿ ನಿಂತಾಗ ಕಾಯುತ್ತೋ, ಹೈವೇನಲ್ಲಿ ಓಡುವಾಗ ಕಾಯುತ್ತೋ? ಘೋಡ್‌ಬಂದರ್ ರೋಡಿನ ಜಾಮಿನಲ್ಲಿ ಕಾದು, ರಸ್ತೆ ಖಾಲಿಯಾದ ಮೇಲೆ ಬಿಸಿ ತೋರಿಸುವ ಮೀಟರಿನ ಮುಳ್ಳು ಇಳಿದರೆ ಫ್ಯಾನ್ ತೊಂದರೆ. ಮುಂಬೈಯಲ್ಲಿ ಆರಾಮಾಗಿದ್ದು ಊರಿಗೆ ಹೋಗುವಾಗ ಖಂಬಾಟ್ಕಿ ಘಾಟ್ ಹತ್ತುತ್ತಾ ಕಾದರೆ ರೇಡಿಯೇಟರ್ ಒಳಗೆ ಕಟ್ಟಿಕೊಂಡಿದೆ, ಅಥವಾ ನೀರು ಸರಿಯಾಗಿ ಸುತ್ತುತ್ತಿಲ್ಲ. ಫ್ಯಾನ್ ಎಷ್ಟೇ ಹೊಸದು ಹಾಕಿಸಿದರೂ ಘಾಟಿನಲ್ಲಿ ಉಪಯೋಗ ಆಗಲ್ಲ.

ಫ್ಯಾನಿನ ಪ್ಲಗ್ ಕಿತ್ತು ಬ್ಯಾಟರಿಯಿಂದ ನೇರ ಎರಡು ತಂತಿ ಕೊಡಿ. ತಿರುಗಿದರೆ ಮೋಟಾರ್ ಸರಿ, ಸ್ವಿಚ್ ಅಥವಾ ರಿಲೇ ಕೆಟ್ಟಿದೆ. ಅದು ಮೋಟಾರಿಗಿಂತ ತುಂಬಾ ಅಗ್ಗ.

ರೇಡಿಯೇಟರ್ ಕ್ಯಾಪನ್ನು ಯಾರೂ ನೋಡುವುದೇ ಇಲ್ಲ. ಒಳಗೆ ಒತ್ತಡ ಇದ್ದರೆ ನೀರು 100 ಡಿಗ್ರಿಗೆ ಕುದಿಯಲ್ಲ, ಆ ಒತ್ತಡ ಹಿಡಿಯುವುದು ಕ್ಯಾಪಿನ ರಬ್ಬರ್ ಮತ್ತು ಸ್ಪ್ರಿಂಗ್. ರಬ್ಬರ್ ಗಟ್ಟಿಯಾಗಿದ್ದರೆ ಮೊದಲು ಅದನ್ನು ಬದಲಿಸಿ. ಬಿಸಿ ಇದ್ದಾಗ ಮಾತ್ರ ಕ್ಯಾಪ್ ಮುಟ್ಟಬೇಡಿ, ಮುಖ ಸುಟ್ಟುಕೊಳ್ಳುತ್ತೀರಿ.

ಎಂಜಿನ್ ಬಿಸಿಯಾಗುವ ತನಕ ನೀರು ರೇಡಿಯೇಟರಿಗೆ ಹೋಗದಂತೆ ತಡೆಯುವ ಥರ್ಮೋಸ್ಟಾಟ್ ಬಗ್ಗೆ ನನ್ನದು ಸ್ವಲ್ಪ ಗಟ್ಟಿ ಅಭಿಪ್ರಾಯ. "ಬಾಂಬೆ ಮೇ ಥಂಡ್ ಕಹಾಂ ಹೈ", ಬಾಂಬೆಯಲ್ಲಿ ಚಳಿ ಎಲ್ಲಿದೆ, ಅಂತ ಹೇಳಿ ಅದನ್ನು ಕಿತ್ತೆಸೆಯುವ ಮೆಕ್ಯಾನಿಕ್‌ಗಳು ಬೇಕಾದಷ್ಟು ಇದ್ದಾರೆ. ಕಿತ್ತರೆ ಎಂಜಿನ್ ಸರಿಯಾದ ಬಿಸಿಗೆ ಬರಲ್ಲ, ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ, ಪ್ಲಗ್ ಮಸಿ ಹಿಡಿಯುತ್ತದೆ. ಆಮೇಲೆ ಪಿಕಪ್ ಇಲ್ಲ ಅಂತ ಇನ್ನೊಂದು ರಿಪೇರಿ. ಅದನ್ನು ಪಾತ್ರೆಯ ನೀರಿನಲ್ಲಿ ಹಾಕಿ ಗ್ಯಾಸ್ ಮೇಲಿಟ್ಟು ನೋಡಿ. ನೀರು ಕುದಿ ಬರುವ ಮೊದಲೇ ಬಾಯಿ ತೆರೆಯಬೇಕು. ತೆರೆಯದಿದ್ದರೆ ಹೊಸದು ಹಾಕಿಸಿ. ಕೂಲಂಟಿಗೆ ಬೋರ್ ನೀರು ಬೆರೆಸಬೇಡಿ, ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಸಾಕು.

"ಹೆಡ್ ಪ್ಯಾಕಿಂಗ್ ಗಯಾ", ಅಂದರೆ ಎಂಜಿನ್ನಿನ ಹೆಡ್ ಕೆಳಗಿನ ಗ್ಯಾಸ್ಕೆಟ್ ಹೋಯಿತು ಅನ್ನುವುದು ಜೇಬಿಗೆ ದೊಡ್ಡ ಹೊಡೆತ. ಒಪ್ಪುವ ಮೊದಲು ಸಾಕ್ಷಿ ಕೇಳಿ. ಆಯಿಲ್ ಹಾಲು ಹಾಕಿದ ಕಾಫಿ ಬಣ್ಣಕ್ಕೆ ತಿರುಗಿದೆಯಾ? ತಣ್ಣನೆ ಎಂಜಿನ್ನಿನ ಕ್ಯಾಪ್ ತೆಗೆದು ಸ್ಟಾರ್ಟ್ ಮಾಡಿದರೆ ಗುಳ್ಳೆ ನಿಲ್ಲದೆ ಬರುತ್ತಾ? ಎಲ್ಲೂ ಸೋರದೆ ಕೂಲಂಟ್ ಕಡಿಮೆಯಾಗುತ್ತಿದೆಯಾ? ಎಂಜಿನ್ ಬಿಸಿಯಾದ ಮೇಲೂ ಸೈಲೆನ್ಸರಿನಿಂದ ಬಿಳಿ ಹೊಗೆ ಬರುತ್ತಾ? ಇವೆಲ್ಲಕ್ಕೂ ಇಲ್ಲ ಅನ್ನುವ ಉತ್ತರ ಬಂದರೆ ಇನ್ನೊಬ್ಬನಿಗೆ ತೋರಿಸಿ.

ದಾರಿಯಲ್ಲಿ ಮುಳ್ಳು ಏರಿದರೆ ಎಸಿ ಆಫ್ ಮಾಡಿ, ಹೀಟರ್ ಫುಲ್ ಬಿಸಿಗೆ ಹಾಕಿ ಬ್ಲೋವರ್ ಜೋರು ಮಾಡಿ. ಒಳಗೆ ನೀವು ಬೆಂದು ಹೋಗುತ್ತೀರಿ, ಎಂಜಿನ್ ಉಳಿಯುತ್ತದೆ. ಜಾಗ ಸಿಕ್ಕ ಕೂಡಲೇ ಪಕ್ಕಕ್ಕೆ ನಿಲ್ಲಿಸಿ.

ಮಳೆಗಾಲ

ಮಳೆ ಬಂದಾಗ ಮಿಸ್ಸಿಂಗ್ ಹೊಡೆಯುವ, ಅಂದರೆ ತಡೆತಡೆದು ಓಡುವ ಗಾಡಿಗೆ ರಾತ್ರಿ ಪರೀಕ್ಷೆ ಇದೆ. ಕತ್ತಲಲ್ಲಿ ಬಾನೆಟ್ ಎತ್ತಿ, ಎಂಜಿನ್ ಸ್ಟಾರ್ಟ್ ಇಟ್ಟು, ಇಸ್ತ್ರಿಗೆ ನೀರು ಚಿಮುಕಿಸುವ ಬಾಟಲಿಯಿಂದ ಪ್ಲಗ್ ವೈರುಗಳ ಮೇಲೆ ಸಣ್ಣಗೆ ಸಿಂಪಡಿಸಿ. ಸೀಳಿದ ಜಾಗದಲ್ಲಿ ನೀಲಿ ಕಿಡಿ ಚಟಪಟ ಅಂತ ಹಾರುವುದು ಕಣ್ಣಿಗೇ ಕಾಣುತ್ತದೆ. ಕೈ ಮಾತ್ರ ದೂರ ಇಡಿ. ಪ್ಲಗ್ಗುಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರ್ ಇರುವ ಗಾಡಿಯಲ್ಲಿ ಅದರ ಕ್ಯಾಪ್ ತೆಗೆದು ಒಳಗೆ ಒರೆಸಿ, ಕೂದಲೆಳೆಯಂಥ ಕಪ್ಪು ಗೆರೆ ಇದ್ದರೆ ಬದಲಿಸಿ.

ಹಿಂದ್‌ಮಾತಾ, ಅಂಧೇರಿ ಸಬ್‌ವೇ ಅಂಥ ಕಡೆ ನೀರಿನಲ್ಲಿ ಗಾಡಿ ನಿಂತುಹೋದರೆ ಮತ್ತೆ ಸೆಲ್ಫ್ ಹೊಡೆಯಲೇಬೇಡಿ. ಸಿಲಿಂಡರಿಗೆ ನೀರು ಹೋಗಿದ್ದರೆ ಅದು ಗಾಳಿ ಥರ ಒತ್ತಿಕೊಳ್ಳಲ್ಲ, ಕನೆಕ್ಟಿಂಗ್ ರಾಡ್ ಬಾಗುತ್ತದೆ. ತಳ್ಳಿಕೊಂಡು ಹೋಗಿ, ಪ್ಲಗ್ ಬಿಚ್ಚಿ ನೀರು ಹೊರಗೆ ಹಾಕಿಸಿ, ಆಯಿಲ್ ಬದಲಿಸಿ, ಆಮೇಲೆ ಸ್ಟಾರ್ಟ್.

ಪಾರ್ಟ್ ಎಲ್ಲಿ, ಹೇಗೆ

ಮಾರುತಿ 800 ಇದ್ದವರು ಪುಣ್ಯವಂತರು. 1983ರಿಂದ 2014ರ ತನಕ ತಯಾರಾದ ಗಾಡಿ, ಪಾರ್ಟ್ ಗಲ್ಲಿ ಗಲ್ಲಿಯಲ್ಲಿ ಸಿಗುತ್ತದೆ. ಹೊಸ ಪಾರ್ಟಿಗೆ ಆಪೆರಾ ಹೌಸ್ ಕಡೆಯ ಅಂಗಡಿಗಳು. ಗಾಡಿ ಕಂಪನಿಯ ಡಬ್ಬಿಗಿಂತ ಪಾರ್ಟ್ ಮಾಡಿದವರ ಡಬ್ಬಿಯಲ್ಲೇ ತಗೊಂಡರೆ ಸ್ವಲ್ಪ ಉಳಿಯುತ್ತದೆ. ಲೈಟಿಗೆ ಲ್ಯೂಮ್ಯಾಕ್ಸ್, ಪ್ಲಗ್ಗಿಗೆ ಎನ್‌ಜಿಕೆ ಅಥವಾ ಬಾಷ್ ಹೀಗೆ.

ಸೆಕೆಂಡ್ ಹ್ಯಾಂಡಿಗೆ ಕುರ್ಲಾದ ಸಿಎಸ್‌ಟಿ ರೋಡ್. ಬಾಗಿಲು, ಕನ್ನಡಿ, ಲೈಟು, ಸೀಟು, ಚಕ್ರದ ಡಿಸ್ಕು, ಸೆಲ್ಫ್, ಡೈನಮೋ ಅಲ್ಲಿ ತಗೊಳ್ಳಬಹುದು. ಬ್ರೇಕಿನ ಸಾಮಾನು, ಬೆಲ್ಟು, ಪೈಪು, ಬಾಲ್ ಜಾಯಿಂಟು, ವಾಟರ್ ಪಂಪು ಯಾವತ್ತೂ ಬೇಡ. ಹಳೇ ಪಾರ್ಟನ್ನು ಚೀಲದಲ್ಲಿ ಹಾಕಿಕೊಂಡೇ ಹೋಗಿ. ಬಾಯಲ್ಲಿ ಹೇಳಿದರೆ "ಸೇಮ್ ಹೈ ಸಾಬ್" ಅಂತಲೇ ಉತ್ತರ. ಪಕ್ಕಪಕ್ಕ ಇಟ್ಟು ನಂಬರ್, ಬೋಲ್ಟ್ ತೂತು, ಪ್ಲಗ್ಗಿನ ಪಿನ್ನು ಹೋಲಿಸಿ. ಡೈನಮೋ ಆದರೆ ಪುಲಿಯನ್ನು ಕೈಯಲ್ಲಿ ತಿರುಗಿಸಿ, ಗರಗರ ಅನ್ನಬಾರದು. ಮೇಲೆ ಕೆಳಗೆ ಅಲ್ಲಾಡಿಸಿ, ಆಡಬಾರದು. ಸೆಲ್ಫ್ ಆದರೆ ಅಂಗಡಿಯ ಬ್ಯಾಟರಿಗೇ ಕೊಟ್ಟು ತೋರಿಸಲು ಹೇಳಿ, ಹಲ್ಲು ಮುಂದೆ ಬಂದು ಜೋರಾಗಿ ಸುತ್ತಬೇಕು. ಎಲೆಕ್ಟ್ರಿಕ್ ಸಾಮಾನು ವಾಪಸ್ ತಗೊಳ್ಳುವವರು ಕಡಿಮೆ, ಅದಕ್ಕೆ ದುಡ್ಡು ಕೊಡುವ ಮೊದಲೇ ಇದೆಲ್ಲ ಆಗಲಿ. ಇಸಿಎಂ (ಎಂಜಿನ್ನಿನ ಕಂಪ್ಯೂಟರ್) ತಗೊಳ್ಳುವಾಗ ಒಳಗೆ ನೀರು ಹೋಗಿದೆಯಾ ಅಂತ ಡಬ್ಬಿ ಬಿಚ್ಚಿಸಿ ನೋಡಿ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 944 ಮಿಲಿಮೀಟರ್ ಮಳೆ ಬಿದ್ದ ಊರಿದು. ನೀರು ಕುಡಿದ ಗಾಡಿಗಳಿಗೆ ಇಲ್ಲಿ ಬರ ಇಲ್ಲ.

ಗ್ಯಾರೇಜಿನಲ್ಲಿ

"ಬ್ಯಾಟರಿ ಬದಲಿಸಿ" ಅಂತ ಹೇಳಬೇಡಿ, ಬದಲಿಸಿಬಿಡುತ್ತಾನೆ. ಲಕ್ಷಣ ಹೇಳಿ, ಮೀಟರಿನಲ್ಲಿ ಏನು ಬಂತು ಹೇಳಿ, ವಿಡಿಯೋ ತೋರಿಸಿ. "ಎಲ್ಲಾ ನೋಡಿಬಿಡಿ" ಅನ್ನುವ ಮಾತಂತೂ ಖಾಲಿ ಚೆಕ್ ಕೊಟ್ಟ ಹಾಗೆ. ಮಜೂರಿ ಬೇರೆ, ಪಾರ್ಟ್ ಬೇರೆ ಬರೆಸಿ. ತೆಗೆದ ಪಾರ್ಟ್ ವಾಪಸ್ ಕೇಳಿ. ಮತ್ತೆ, ತಪ್ಪು ಹುಡುಕಿಕೊಟ್ಟದ್ದಕ್ಕೇ ದುಡ್ಡು ಕೊಡಿ. "ಚೆಕ್ ಮಾಡಿದ್ದಕ್ಕೂ ಕಾಸಾ?" ಅಂತ ನಾವು ಜಗಳ ಮಾಡುತ್ತೇವೆ, ಅದಕ್ಕೇ ಅವನು ಪಾರ್ಟ್ ಮಾರಿ ಆ ದುಡ್ಡು ಎತ್ತುತ್ತಾನೆ. ಹಳೇ ಗಾಡಿಗೆ ಒಬ್ಬ ಒಳ್ಳೆಯ ಆಟೋ ಎಲೆಕ್ಟ್ರಿಷಿಯನ್ ಸಿಕ್ಕರೆ ಮೂವರು ಮೆಕ್ಯಾನಿಕ್‌ಗೆ ಸಮ ಅನ್ನುವುದು ನನ್ನ ಲೆಕ್ಕ.

ಯಾವಾಗ ಸಾಕು ಅನ್ನಬೇಕು

ಎಂಜಿನ್ ಹೋದರೆ ಹೆದರಬೇಡಿ, ಬಾಡಿ ಹೋದರೆ ಯೋಚಿಸಿ. ಶಾಕಪ್ ಕೂರುವ ಜಾಗ, ಬಾಗಿಲ ಕೆಳಗಿನ ಅಂಚು, ಫ್ಲೋರು, ಕೆಳಗಿನ ಆರ್ಮ್ ಕಚ್ಚಿಕೊಂಡ ಜಾಗ, ಇಲ್ಲೆಲ್ಲ ಸ್ಕ್ರೂ ಡ್ರೈವರಿನ ಹಿಡಿಯಿಂದ ಬಡಿಯಿರಿ. ಟಣ್ ಅಂದರೆ ಸರಿ. ಮೊದ್ದು ಸದ್ದು ಬಂದರೆ ಮೊನೆಯಿಂದ ಚುಚ್ಚಿ, ಒಳಗೆ ಹೋದರೆ ಲೋಹ ಉಳಿದಿಲ್ಲ. ಮೇಲೆ ಪುಟ್ಟಿ ಹಚ್ಚಿ ಪೇಂಟ್ ಮಾಡುವ ಡೆಂಟರಿಗೆ ದುಡ್ಡು ಕೊಡಬೇಡಿ.

ಇದನ್ನು ಆರ್‌ಸಿ ರಿನ್ಯೂ ಮಾಡಿಸುವ ಮೊದಲೇ ನೋಡಿ. ಸ್ವಂತ ಕಾರಿಗೆ 15 ವರ್ಷ ಆದ ಮೇಲೆ ಐದೈದು ವರ್ಷಕ್ಕೆ ಆರ್‌ಸಿ ರಿನ್ಯೂ ಮಾಡಿಸಬೇಕು. ಅದರ ಫೀ 2022ರ ಏಪ್ರಿಲ್‌ನಿಂದ 5,000 ರೂಪಾಯಿ ಆಯಿತು, 20 ವರ್ಷ ದಾಟಿದ ಕಾರಿಗೆ 2025ರಲ್ಲಿ 10,000 ಮಾಡಿದರು. ಮಹಾರಾಷ್ಟ್ರದಲ್ಲಿ ಪರಿಸರ ತೆರಿಗೆ ಬೇರೆ. ಬಾಡಿ ಗಟ್ಟಿ ಇದ್ದರೆ ಐದು ವರ್ಷಕ್ಕೆ ಹಂಚಿ ನೋಡಿದಾಗ ಇದು ದೊಡ್ಡ ಖರ್ಚಲ್ಲ. ತುಕ್ಕು ತಿಂದಿದ್ದರೆ ಭಂಗಾರ್‌ವಾಲಾಗೆ, ಅಂದರೆ ಗುಜರಿಯವನಿಗೆ, ಸುಮ್ನೆ ಕೊಡಬೇಡಿ, ಸರ್ಕಾರ ಮಾನ್ಯ ಮಾಡಿದ ಸ್ಕ್ರ್ಯಾಪ್ ಸೆಂಟರಿಗೆ ಕೊಡಿ. ಅವರು ಕೊಡುವ ಸರ್ಟಿಫಿಕೇಟ್ ತೋರಿಸಿದರೆ ಮುಂದಿನ ಹೊಸ ಗಾಡಿಯ ರೋಡ್ ಟ್ಯಾಕ್ಸಿನಲ್ಲಿ ರಿಯಾಯಿತಿ ಇದೆ, ನಿಮ್ಮ ಹೆಸರಿನಿಂದ ಗಾಡಿ ಕಾಗದಪತ್ರದಲ್ಲೂ ಕಳಚುತ್ತದೆ. ಹೊಸದಾಗಿ ಹಾಕಿಸಿದ ಬ್ಯಾಟರಿ, ಸ್ಟೀರಿಯೋ ತೆಗೆದುಕೊಳ್ಳಬಹುದಾ ಅಂತ ರೇಟ್ ಮಾತಾಡುವಾಗಲೇ ಕೇಳಿ, ಟೋಯಿಂಗ್ ಗಾಡಿ ಬಂದ ಮೇಲೆ ಯಾರೂ ಬಿಚ್ಚಲು ಬಿಡಲ್ಲ.